ಓದುವ ಹಕ್ಕಿಗಾಗಿ ಒಂದು ಬಾಣಲೆ ಟೋಫು

ಮಾರ್ಚ್ 4, ಸೋಮವಾರ, ಸಂಜೆ

ಇವತ್ತೂ ಅಚ್ಚಾದ ಹಾಳೆ ಮಡಿಸುವ ಕೆಲಸ. ಬೆಳಗಿನಿಂದ ಶಾಲೆಯ ಭೂಗೋಳದ ಪಠ್ಯಪುಸ್ತಕ. ಒಂದೇ ನದಿಯನ್ನು ಎಷ್ಟು ಸಲ ಮಡಿಸಿದೆನೋ. ಕೈ ಮಡಿಸುತ್ತದೆ, ಬಾಯಿ ಓದುತ್ತದೆ. ಅದೇ ನನ್ನ ಪದ್ಧತಿ. ಎದುರಿನ ರಟ್ಟಿನ ಅಟ್ಟಿಗೆ ಪುಸ್ತಿಕೆ ಒರಗಿಸಿಟ್ಟು ಜೋರಾಗಿ ಓದುವುದು. ದುಡಿಯುವವರಿಗೆ ಓದಲು ಪುರುಸೊತ್ತಿಲ್ಲದಿರಬಹುದು, ಕೇಳಲು ಕಿವಿಗಳಿವೆಯಲ್ಲ. ಅಚ್ಚಾಗಿ ನಮ್ಮ ಬೈಂಡಿಂಗ್ ಅಂಗಡಿಗೆ ಬರುವ ಪುಸ್ತಿಕೆಗಳಲ್ಲಿ ಶಾಯಿ ಕಲಸಿಹೋದ ಪ್ರತಿಗಳು ನನ್ನ ಪಾಲು. ನಾನು ಕಲಿತದ್ದೆಲ್ಲ ಅವುಗಳಿಂದಲೇ. ಕಾಲೇಜು ಕೊಡದಿದ್ದನ್ನು ರದ್ದಿ ಕೊಟ್ಟಿದೆ.

ಇವತ್ತಿನದು ‘ತಟ್ಟೆಯಲ್ಲಿ ನ್ಯಾಯ’. ಎಂಥ ಬರವಣಿಗೆ... ಒಂದು ಪ್ರಾಣಿಯನ್ನು ಕೊಬ್ಬಿಸಲು ಸುರಿಯುವ ಕಾಳಿನಲ್ಲಿ ಒಂದು ಬೀದಿಯ ಜನವೆಲ್ಲ ಉಣ್ಣಬಹುದಂತೆ. ಆ ಸಾಲನ್ನು ಎರಡು ಸಲ ಓದಿದೆ. ಎರಡನೆಯ ಸಲಕ್ಕೆ ಅಂಟಣ್ಣ ಬ್ರಷ್ ಕೆಳಗಿಟ್ಟ.

ಪುಸ್ತಕದ ಬೆನ್ನಿಗೆ ಅಂಟು ಹಚ್ಚುವವನು ಅಂಟಣ್ಣ. ನಾನು ಹುಟ್ಟುವ ಮೊದಲಿನಿಂದಲೂ ಅದೇ ಮೂಲೆ, ಅದೇ ಸ್ಟೂಲು. ಮಧ್ಯಾಹ್ನ ಡಬ್ಬಿ ಬಿಚ್ಚಿದನೆಂದರೆ ಮಾಂಸ. ತಪ್ಪಿದರೆ ಮೊಟ್ಟೆ.

“ಕರಪತ್ರಮ್ಮಾ, ನಿನ್ನ ಬಾಯಿಗೆ ಎರಡು ಹೊಲಿಗೆ ಹಾಕಿಸ್ಲಾ? ಚಿಕ್ಕಮ್ಮನ ಕೈಲಿ ಹೇಗೂ ಸೂಜಿ ಇದೆ.”

ಚಿಕ್ಕಮ್ಮ ಮಡಿಸಿದ ಹಾಳೆಗಳ ಫಾರ್ಮು ಹೊಲಿಯುತ್ತಲೇ, “ದಾರ ಸಾಕಾಗಲ್ಲ” ಅಂದಳು. ನನ್ನ ಸ್ವಂತ ಚಿಕ್ಕಮ್ಮ.

ನಾನು ಬಿಡಲಿಲ್ಲ. ಸತ್ಯ ಕೇಳಿದರೆ ಯಾಕೆ ಉರಿ ಎಂದೆ. ಅವನು ತನ್ನ ಅಂಟಿನ ಪಾತ್ರೆಯನ್ನು ನನ್ನ ಮೂಗಿನ ಹತ್ತಿರ ತಂದು ಹಿಡಿದ. “ಇದರಲ್ಲಿ ಏನಿದೆ ಹೇಳು. ಎಲುಬು, ಚರ್ಮ, ಬೇಯಿಸಿ ಬೇಯಿಸಿ ಮಾಡಿದ್ದು. ಮಾಂಸ ಬೇಡ ಅನ್ನೋ ನಿನ್ನ ಪುಸ್ತಕ ಬಿಡಿ ಬಿಡಿಯಾಗಿ ಉದುರದೆ ನಿಂತಿರೋದು ಇದರ ಮೇಲೆ. ಮೊದಲು ಅದಕ್ಕೆ ನ್ಯಾಯ ಹೇಳು, ಆಮೇಲೆ ನನ್ನ ತಟ್ಟೆಗೆ ಬಾ.”

ಪುಸ್ತಿಕೆ ಮುಚ್ಚಿ ಮತ್ತೆ ನದಿ ಮಡಿಸತೊಡಗಿದೆ. ಮುಖ ಬಿಸಿಯಾಯಿತು. ಕಟಿಂಗ್ ಮಷಿನ್ ಹಿಂದೆ ಅಪ್ಪ ನಗುತ್ತಿದ್ದ.

ಮಾರ್ಚ್ 5, ಮಂಗಳವಾರ

ರಾತ್ರಿಯೆಲ್ಲ ಆ ಪಾತ್ರೆಯೇ ಕಣ್ಣ ಮುಂದೆ. ಬೆಳಿಗ್ಗೆ ಅಪ್ಪನ ಎದುರು ನಿಂತು ಹೇಳಿಬಿಟ್ಟೆ: ಈ ಪುಸ್ತಿಕೆಗಳಿಗಾದರೂ ಎಲುಬಿನ ಅಂಟು ಬೇಡ. ಹಿಟ್ಟಿನ ಅಂಟು ಮಾಡೋಣ.

“ಹಿಟ್ಟಿನ ಅಂಟು ಒಣಗೋದು ತಡ. ಹುಳ ಬೇರೆ ಬೀಳತ್ತೆ.”

“ತಾಳ್ಮೆಯಿಲ್ಲದೆ ಯಾವ ಬದಲಾವಣೆ ಆಗಿದೆ, ಸಂಗಾತಿ?”

“ಅಪ್ಪ ಅನ್ನು. ಸಂಗಾತಿ ಅಂದ್ರೆ ಸಂಬಳ ಕೇಳ್ತೀಯೇನೋ ಅಂತ ಎದೆ ಧಸಕ್ಕನ್ನತ್ತೆ.”

ಆದರೂ ಒಪ್ಪಿದ. ಸಿದ್ಧಾಂತಕ್ಕಲ್ಲ. ಸೆಖೆಯಲ್ಲಿ ಆ ಅಂಟಿನ ವಾಸನೆ ಅವನಿಗೂ ಸಾಕಾಗಿದೆ. ಮಧ್ಯಾಹ್ನವೇ ಹೋಗಿ ಒಂದು ಚೀಲ ಕಾರ್ನ್ ಫ್ಲೋರ್ ಹೊತ್ತು ತಂದೆ. ಬಿಳಿ, ನುಣುಪು, ಯಾವ ಜೀವದ ಋಣವೂ ಇಲ್ಲದ ಹಿಟ್ಟು. ಚಿಕ್ಕಮ್ಮ ಅದನ್ನು ಕೆಳಗಿನ ದೊಡ್ಡ ಡಬ್ಬಿಗೆ ಸುರಿದು, ಅದೇನೋ ಬೆರೆಸುತ್ತ, ಅದೇನೋ ಹೇಳಿದಳು. ನಾನು ಓದಿನ ಮಧ್ಯೆ ಇದ್ದೆ, ಅತ್ಯುತ್ತಮ ಪ್ಯಾರಾ. ತಲೆಯಾಡಿಸಿ ಮುಂದುವರಿಸಿದೆ.

ಆಗ ಅಂಟಣ್ಣ ರೇಡಿಯೊ ಹಾಕಿದ. ನಾನು ಆರಿಸಿದೆ. ಅವನು ಹಾಕಿದ. ನಾನು ಸ್ವರ ಏರಿಸಿದೆ. ಅವನು ರೇಡಿಯೊ ಏರಿಸಿದ. ಅಪ್ಪ ಕೊನೆಗೆ ಮಷಿನ್ನೇ ನಿಲ್ಲಿಸಿದ.

“ಇದನ್ನ ಇವತ್ತೇ ತೀರಿಸ್ಕೊಳ್ಳಿ ಇಬ್ರೂ.”

ಅಂಟಣ್ಣ ತೀರಿಸಿದ. “ಯಜಮಾನ್ರೇ, ಮಾಂಸ ಇಲ್ಲದೆ ನಾಲಿಗೆಗೆ ಹಿಡಿಸೋ ಊಟ ಒಂದು ಮಾಡಿ ಹಾಕ್ಲಿ. ಅನ್ನದ ಜೊತೆ ಸಪ್ಪೆ ತರಕಾರಿ ತಂದಿಟ್ರೆ ನಡೆಯಲ್ಲ. ಬಾಣಲೆ ಖಾಲಿಯಾದ್ರೆ ಈ ಹುಡುಗಿ ವರ್ಷವಿಡೀ ಓದ್ಲಿ, ನಾನು ರೇಡಿಯೊ ಮನೇಲಿಡ್ತೀನಿ. ಉಳಿದ್ರೆ ಅಂಗಡೀಲಿ ಓದೋ ಹಾಗಿಲ್ಲ. ಮನಸ್ಸಿನಲ್ಲೇ ಓದ್ಕೊಳ್ಲಿ.”

ಮನಸ್ಸಿನಲ್ಲಿ ಓದುವುದಂತೆ. ಅದಕ್ಕಿಂತ ದೊಡ್ಡ ಸೆರೆಮನೆ ಉಂಟೇ. ಒಪ್ಪಿದೆ. ಕೂಡಲೇ ಒಪ್ಪಿದೆ. ಮುಂದಿನ ವಾರದ ಶನಿವಾರ, ಮಧ್ಯಾಹ್ನ, ಮೇಲೆ ನಮ್ಮ ಮನೆಯಲ್ಲಿ.

ಯಾವುದನ್ನು ಮಾಡಬೇಕೆಂದೂ ಗೊತ್ತು. ಪುಸ್ತಿಕೆಯ ನಡುಪುಟ. ಚೀನೀ ರೀತಿಯ ಟೋಫು, ಅಂದರೆ ಸೋಯಾಕಾಳಿನ ಪನೀರು. ಕೆಂಪಗೆ ಕುದಿಯುವ ಖಾರದ ರಸ, ಕೈಮಾದ ಜಾಗದಲ್ಲಿ ಸಣ್ಣಗೆ ಕೊಚ್ಚಿದ ಅಣಬೆ, ಹುಳಿಬರಿಸಿದ ಕಾಳಿನ ಪೇಸ್ಟು, ನಾಲಿಗೆ ಜುಮ್ಮೆನ್ನಿಸುವ ಸಿಚುವಾನ್ ಮೆಣಸು. ಜನ ಬೆವರುತ್ತ ತಿನ್ನುತ್ತಾರಂತೆ. ಇದು ಊಟವಲ್ಲ, ವಾದ.

ಮಾರ್ಚ್ 8, ಶುಕ್ರವಾರ

ಟೋಫು ಕೊಳ್ಳುವುದಿಲ್ಲ, ಮಾಡುವುದೇ ಎಂದು ಹಟ. ರಾತ್ರಿ ಸೋಯಾಕಾಳು ನೆನೆಸಿಟ್ಟು ಬೆಳಿಗ್ಗೆ ಮಿಕ್ಸಿಗೆ ಹಾಕಿದೆ. ರಟ್ಟಿಗೆ ಹೊದಿಸುವ ಹೊಸ ಕ್ಯಾಲಿಕೊ ಬಟ್ಟೆಯಲ್ಲಿ ಹಿಂಡಿದೆ. ಹಾಲು ಬಂತು... ಹಾಲೇ. ಕಾಳಿನ ಹೊಟ್ಟೆಯಲ್ಲಿ ಹಾಲು. ಕುದಿಯುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಉಕ್ಕಿ ಒಲೆಯೆಲ್ಲ ನೊರೆ. ನಿಂಬೆರಸ ಬಿಟ್ಟು ನಿಧಾನ ತಿರುವಿದೆ. ಒಡೆಯಿತು. ಮೋಡದ ಹಾಗೆ ತುಂಡು ತುಂಡಾಗಿ ಮೇಲೆದ್ದಿತು. ಅಡುಗೆಮನೆಯಲ್ಲಿ ಒಬ್ಬಳೇ ಕುಣಿದೆ.

ಬಟ್ಟೆಯಲ್ಲಿ ಕಟ್ಟಿ ಭಾರ ಇಡಬೇಕು. ಭಾರಕ್ಕೇನು ಬರ? ಕೆಳಗೆ ಪುಸ್ತಕ ಒತ್ತುವ ಕಬ್ಬಿಣದ ಪ್ರೆಸ್ಸಿದೆ. ಗಂಟನ್ನು ಎರಡು ಹಲಗೆಗಳ ನಡುವೆ ಇಟ್ಟು, ಚಕ್ರ ಹಿಡಿದು, ನಿಘಂಟಿಗೆ ತಿರುಗಿಸುವಷ್ಟೇ ತಿರುಗಿಸಿದೆ. ಕೈಗೆ ಅದೇ ಅಭ್ಯಾಸ. ನೀರು ಕಾಲುವೆಯಾಗಿ ಹರಿದು ಭೂಗೋಳದ ಕಟ್ಟಿನ ಬುಡಕ್ಕೆ ಹೋಯಿತು.

ಬಿಚ್ಚಿ ನೋಡಿದರೆ ರಟ್ಟು. ಅಪ್ಪ ಅದನ್ನು ಎತ್ತಿ, ಬೆರಳಲ್ಲಿ ಬಡಿದು, ಬೆಳಕಿಗೆ ಹಿಡಿದ. “ಒಳ್ಳೇ ಮಾಲು. ಮೂಲೆ ಕತ್ತರಿಸಿ ಕೊಡ್ಲಾ? ಎರಡು ಸಂಪುಟಕ್ಕೆ ಆಗತ್ತೆ.”

ಅಂಟಣ್ಣ ಒಂದು ತುಣುಕು ಮುರಿದು ಅಗಿದ. ಬಹಳ ಹೊತ್ತು ಅಗಿದ. “ಬೈಂಡಿಂಗ್ ಗಟ್ಟಿಯಾಗಿದೆ.”

ನಗಲಿ. ಮೊದಲ ಪ್ರಯತ್ನದಲ್ಲೇ ಗೆದ್ದ ಚಳವಳಿ ಯಾವುದಿದೆ? ಭೂಗೋಳದ ಒದ್ದೆ ಕಟ್ಟನ್ನು ಬಿಸಿಲಿಗೆ ಹರಡಿದೆ. ಮರುಭೂಮಿಯ ಪಾಠವೇ ಒದ್ದೆ.

ಮಾರ್ಚ್ 10, ಭಾನುವಾರ

ಆಯಿತು. ಆಯಿತು, ಆಯಿತು.

ಈ ಸಲ ಪ್ರೆಸ್ಸಿಲ್ಲ. ಗಂಟಿನ ಮೇಲೊಂದು ತಟ್ಟೆ, ತಟ್ಟೆಯ ಮೇಲೆ ಚಿಕ್ಕಮ್ಮನ ಇಸ್ತ್ರಿಪೆಟ್ಟಿಗೆ. ಅಷ್ಟೇ. ಬಟ್ಟೆ ಬಿಡಿಸಿದಾಗ ಬಿಳಿ ಇಟ್ಟಿಗೆ, ಒತ್ತಿದರೆ ಕೆನ್ನೆಯಂತೆ ತಗ್ಗಿ ಮತ್ತೆ ಮೇಲೆ ಬರುತ್ತದೆ. ಬಟ್ಟೆಯ ನೇಯ್ಗೆ ಕೂಡ ಮೈಮೇಲೆ ಮೂಡಿದೆ. ಕತ್ತರಿಸಲು ಮನಸ್ಸೇ ಬರಲಿಲ್ಲ. ಚಿಕ್ಕಮ್ಮನನ್ನು ಎಳೆದು ತಂದು ತೋರಿಸಿದೆ.

“ಚೆನ್ನಾಗಿದೆ ಕಣೇ. ಇಸ್ತ್ರಿಪೆಟ್ಟಿಗೆ ಒರೆಸಿಡು.”

ಉಪ್ಪುನೀರಿನಲ್ಲಿ ಚೌಕಗಳನ್ನು ಸಣ್ಣ ಉರಿಗೆ ಇಟ್ಟು ನೋಡಿದೆ. ಒಡೆಯಲಿಲ್ಲ. ಅಲುಗಾಡುತ್ತವೆ, ಒಡೆಯುವುದಿಲ್ಲ. ಇದೇ ಗುಣ ಮನುಷ್ಯನಿಗೂ ಇರಬೇಕು.

ಮಾರ್ಚ್ 13, ಬುಧವಾರ

ದೊಡ್ಡ ರಸ್ತೆಯ ಆಚೆ ಹೊರದೇಶದ ಸಾಮಾನಿನ ಅಂಗಡಿ. ಕಾಳಿನ ಪೇಸ್ಟಿನ ಜಾಡಿ, ಮೇಲೆಲ್ಲ ಚೀನೀ ಬರಹ. ಅಂಗಡಿಯಾತ ಸಿಚುವಾನ್ ಮೆಣಸಿನ ಒಂದು ಸಿಪ್ಪೆ ಕೊಟ್ಟು, ಅಗೀರಿ ಅಂದ. ಏನೂ ಆಗಲಿಲ್ಲ. ಮೋಸ ಎನ್ನುವಷ್ಟರಲ್ಲಿ ತುಟಿಯೆಲ್ಲ ಝುಮ್. ಹತ್ತಿರದಲ್ಲೆಲ್ಲೋ ಸಣ್ಣ ಗಂಟೆ ಬಾರಿಸಿ ಅದರ ಕಂಪನ ನಾಲಿಗೆಗೆ ಬಂದ ಹಾಗೆ. ಮನೆಯವರೆಗೂ ಒಬ್ಬಳೇ ನಗುತ್ತ ಬಂದೆ. ಎದುರಾದವರು ದಾರಿ ಬಿಟ್ಟರು.

ಸಂಜೆ ರಿಹರ್ಸಲ್. ಎಣ್ಣೆಯಲ್ಲಿ ಕಾಳಿನ ಪೇಸ್ಟು, ಎಣ್ಣೆ ಕೆಂಪಾಗುವವರೆಗೆ. ಶುಂಠಿ, ಬೆಳ್ಳುಳ್ಳಿ. ನೆನೆಸಿ ಕೊಚ್ಚಿದ ಒಣ ಅಣಬೆ, ನೀರು ಬತ್ತಿ ಕಂದು ಬಣ್ಣಕ್ಕೆ ತಿರುಗುವವರೆಗೆ ಹುರಿದೆ. ಅಣಬೆ ನೆನೆದ ನೀರು, ಸೋಯಾಸಾಸ್. ಕೊನೆಗೆ ಟೋಫು, ಸೌಟು ತಾಗಿಸದೆ, ಬಾಣಲೆಯನ್ನೇ ಅಲುಗಿಸುತ್ತ. ರುಚಿ ಸರಿಯಿದೆ... ರಸ ಮಾತ್ರ ನೀರು ನೀರು. ಟೋಫು ಒಂದು ದಾರಿ, ಖಾರ ಒಂದು ದಾರಿ. ಅಪ್ಪ ಉಂಡು, “ಒಳ್ಳೇದಿದೆ, ಆದ್ರೆ ಒಂದಕ್ಕೊಂದು ಪರಿಚಯ ಆಗಿಲ್ಲ” ಅಂದ.

ಪುಸ್ತಿಕೆ ತೆಗೆದು ನೋಡಿದೆ. ಅಲ್ಲೇ ಇದೆ, ಶಾಯಿ ಕಲೆಯ ಕೆಳಗೆ: ಕಾರ್ನ್ ಫ್ಲೋರ್ ತಣ್ಣೀರಲ್ಲಿ ಕದಡಿ, ಒಂದೇ ಸಲ ಹಾಕದೆ, ಮೂರು ಸಲಕ್ಕೆ. ಅದನ್ನು ಹಾಕಲೇ ಇಲ್ಲ ನಾನು.

ಮಾರ್ಚ್ 16, ಶನಿವಾರ, ಬೆಳಿಗ್ಗೆ

ನಿದ್ದೆ ಇಲ್ಲ, ಆಯಾಸವೂ ಇಲ್ಲ. ಟೋಫು ನಿನ್ನೆಯೇ ಸಿದ್ಧ. ಅಣಬೆ ನೆನೆಯುತ್ತಿದೆ. ಊಟದ ನಂತರ ಓದಬೇಕಾದ ಪ್ಯಾರಾ ಆರಿಸಿಟ್ಟಿದ್ದೇನೆ. ಬಾಣಲೆ ಖಾಲಿಯಾದ ಕ್ಷಣದಲ್ಲೇ ಎದ್ದು ನಿಂತು ಓದುವುದು.

ಅದೇ ದಿನ, ಸಂಜೆ

ಬರೆಯಬೇಕು. ಈಗಲೇ ಬರೆಯಬೇಕು.

ಎಲ್ಲರೂ ಮೇಲೆ ಬಂದರು. ಅಂಟಣ್ಣ ಇಸ್ತ್ರಿ ಅಂಗಿ ಹಾಕಿಕೊಂಡು ಬಂದಿದ್ದ. ತೀರ್ಪು ಕೊಡುವವನ ಗತ್ತು. ಎಲ್ಲ ಮೊನ್ನೆಗಿಂತ ಚೆನ್ನಾಗಿ ನಡೆಯುತ್ತಿತ್ತು. ಎಣ್ಣೆ ಕೆಂಪಾಯಿತು, ಅಣಬೆ ಕಂದಾಯಿತು. ಘಮಕ್ಕೆ ಅಂಟಣ್ಣನೇ ಅಡುಗೆಮನೆಯ ಬಾಗಿಲಿಗೆ ಬಂದು, “ಕದ್ದು ಮಾಂಸ ಹಾಕಿಲ್ಲ ತಾನೇ?” ಅಂದ. ಈ ಮಾತಿಗೆ ಚೌಕಟ್ಟು ಹಾಕಿಸಬೇಕು ಅಂದುಕೊಂಡೆ.

ಹಿಟ್ಟು ಕದಡಲು ನೋಡಿದರೆ ಮೇಲೆ ಕಾರ್ನ್ ಫ್ಲೋರ್ ಇಲ್ಲ. ಒಂದು ಚಮಚವೂ ಇಲ್ಲ. ತರಲು ಮರೆತಿದ್ದೆ. ಆದರೆ ಕೆಳಗೆ ಡಬ್ಬಿ ತುಂಬ ಇದೆಯಲ್ಲ, ನಾನೇ ಹೊತ್ತು ತಂದದ್ದು. ಓಡಿದೆ. ಒಂದು ಲೋಟ ತುಂಬಿಕೊಂಡು ಓಡಿ ಬಂದೆ. ಕಣ್ಣು ಬಾಣಲೆಯ ಮೇಲಿಟ್ಟೇ ಕದಡಿ ಮೂರು ಸಲಕ್ಕೆ ಹಾಕಿದೆ. ರಸ ಗಟ್ಟಿಯಾಗಿ, ಹೊಳೆದು, ಪ್ರತಿ ಚೌಕಕ್ಕೂ ಕೆಂಪು ಕಂಬಳಿ ಹೊದಿಸಿತು. ಅಷ್ಟು ಚಂದದ್ದನ್ನು ನನ್ನ ಕೈ ಈವರೆಗೆ ಮಾಡಿಲ್ಲ.

ಬಡಿಸಿದೆ. ಮೊದಲ ಚಮಚ ಅಂಟಣ್ಣನದು, ಅದು ಒಪ್ಪಂದ. ಬಾಯಿಗಿಟ್ಟ. ಕಣ್ಣು ಮುಚ್ಚಿದ. ನುಂಗಿದ. “ಇದು ಮಾಂಸ ಅಲ್ಲ,” ಅಂದ. “ಮಾಂಸದ ಹಾಗೂ ಇಲ್ಲ. ಆದ್ರೆ...”

ಆಗಲೇ ಒಲೆಯ ಪಕ್ಕದ ಲೋಟ ಕಣ್ಣಿಗೆ ಬಿತ್ತು. ತಳದಲ್ಲಿ ಉಳಿದ ಹಿಟ್ಟಿನ ನೀರು. ಬಿಳಿಯಲ್ಲ. ತಿಳಿ ನೀಲಿ.

ಮೈಲುತುತ್ತ. ಅಂಟಿಗೆ ಹುಳ ಬೀಳದಿರಲಿ ಎಂದು ಬೆರೆಸುವ ವಿಷ. ಈ ಅಂಗಡಿಯಲ್ಲಿ ಬೆಳೆದವಳಿಗೆ ಆ ನೀಲಿ ಗೊತ್ತಿಲ್ಲವೇ.

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಅವನ ಆ ಮಾತು ಮುಗಿಯಲಿ ಎಂದು ಒಂದು ಉಸಿರಿನಷ್ಟು ಹೊತ್ತು ನಿಂತೆ. ‘ಆದ್ರೆ’ ಆದ ಮೇಲೆ ಏನೆಂದು ಕೇಳಬೇಕಿತ್ತು. ಅವನು ಎರಡನೆಯ ಚಮಚ ಎತ್ತಿದ.

“ತಿನ್ಬೇಡ” ಎಂದು ಅವನ ಕೈಗೆ ಹೊಡೆದೆ. ಚಮಚ ಗೋಡೆಗೆ ಹೋಯಿತು. ಅಪ್ಪನ ತಟ್ಟೆ, ಚಿಕ್ಕಮ್ಮನ ತಟ್ಟೆ ಎರಡನ್ನೂ ಕಿತ್ತುಕೊಂಡೆ. ಅವರಿಬ್ಬರೂ ಇನ್ನೂ ಬಾಯಿಗಿಟ್ಟಿರಲಿಲ್ಲ.

“ಕೆಳಗಿನ ಡಬ್ಬಿ ಹಿಟ್ಟು ಹಾಕಿದೀನಿ.”

ಚಿಕ್ಕಮ್ಮ ಎದ್ದಳು. “ಅವತ್ತೇ ಹೇಳಿದ್ನಲ್ಲೇ, ಡಬ್ಬೀಲೇ ಬೆರೆಸಿಟ್ಟಿದೀನಿ ಅಂತ. ತಲೆ ಆಡಿಸ್ದೆ ನೀನು.”

ಆಡಿಸಿದ್ದೆ.

ಮೂಲೆಯ ಕ್ಲಿನಿಕ್‌ಗೆ ಅಂಟಣ್ಣನನ್ನು ಅಪ್ಪ ಒಂದು ಕಡೆ, ನಾನು ಒಂದು ಕಡೆ ಹಿಡಿದುಕೊಂಡು ಹೋದೆವು. ಅವನು ಕೈ ಕೊಸರಿಕೊಳ್ಳುತ್ತಲೇ ಇದ್ದ: “ನಡೆಯೋಕೆ ಬರತ್ತೆ ನನಗೆ. ಮದುವೆ ಗಂಡಿನ ಹಾಗೆ ಹಿಡ್ಕೋಬೇಡಿ.” ಅಲ್ಲಿ ಹೋಗುತ್ತಲೇ ವಾಂತಿ ಮಾಡಿದ. ಡಾಕ್ಟರ್ ನೋಡಿದರು, ಹಾಲು ಕುಡಿಸಿದರು, ಬೆಳಗಿನವರೆಗೆ ಇಲ್ಲೇ ಮಲಗಲಿ ಎಂದರು. ಹೋದದ್ದು ಕಡಿಮೆ, ಹೊರಗೂ ಬಂದಿದೆ, ಹೆದರಬೇಡಿ ಎಂದರು. ಹೆದರಬೇಡಿ ಎನ್ನುವುದು ಅವರಿಗೆ ಸುಲಭ.

ಬಾಣಲೆಯನ್ನು ಹಿತ್ತಿಲಿಗೆ ಒಯ್ದು ಗುಂಡಿ ತೋಡಿ ಸುರಿದು ಮುಚ್ಚಿದೆ. ಹೂಳುವಾಗಲೂ ಘಮಘಮ.

ಮಾರ್ಚ್ 17, ಭಾನುವಾರ

ಅಂಟಣ್ಣನನ್ನು ಮನೆಗೆ ಕಳಿಸಿದರು. ಚೆನ್ನಾಗಿದ್ದಾನೆ. ನನ್ನ ಮುಖ ನೋಡಿ, ಚಪ್ಪಲಿ ಮೆಟ್ಟಿಕೊಂಡು ನಡೆದ. ಬೈದಿದ್ದರೆ ಆಗುತ್ತಿತ್ತು.

ಮಾರ್ಚ್ 22, ಶುಕ್ರವಾರ

ನಾಲ್ಕು ದಿನ ಬರೆಯಲಿಲ್ಲ. ಓದಲೂ ಇಲ್ಲ. ಅಂಗಡಿಯಲ್ಲಿ ರೇಡಿಯೊ. ಯಾರೂ ಹಾಕು ಅನ್ನಲಿಲ್ಲ, ನಾನೇ ಹಾಕಿದೆ. ಸೋತವರು ಸೋಲನ್ನು ನೆಟ್ಟಗೆ ಒಪ್ಪಿಕೊಳ್ಳಬೇಕು. ಬಾಯಿ ಮುಚ್ಚಿಕೊಂಡು ಮಡಿಸಿದರೆ ಕೆಲಸ ಬೇಗ ಆಗುತ್ತದೆ, ದಿನ ಮಾತ್ರ ಮುಗಿಯುವುದಿಲ್ಲ. ಚಿಕ್ಕಮ್ಮ ಆ ಡಬ್ಬಿಗೆ ಕೆಂಪು ಕ್ಯಾಲಿಕೊ ಹೊದಿಸಿ ಹೊಲಿದಿದ್ದಾಳೆ. ಮೇಲೆ ಅಂಟಣ್ಣ ಒಂದು ಬುರುಡೆ ಬರೆದಿದ್ದಾನೆ. ಅದಕ್ಕೆ ನನ್ನ ಹಾಗೇ ಜಡೆ ಇದೆ.

ಇವತ್ತು ಮಧ್ಯಾಹ್ನ ಅಪ್ಪ ಕತ್ತರಿಸುತ್ತ ಕತ್ತರಿಸುತ್ತ ಸುಮ್ಮನೆ ಅಂದ, “ಬಾಣಲೆ ಖಾಲಿಯಾದ್ರೆ ಇವಳು ಓದ್ಬೇಕು ಅಂತಲ್ವಾ ಮಾತಾಗಿದ್ದು? ಬಾಣಲೆ ಖಾಲಿಯೇ ಆಯ್ತಲ್ಲ.”

“ಗುಂಡಿ ತಿಂತು ಯಜಮಾನ್ರೇ. ಗುಂಡಿಗೆ ಓದಿ ಹೇಳ್ಲಿ.”

ನಾನು ಎದ್ದು ನಿಂತೆ. ಅಂಥ ಗೆಲುವು ನನಗೆ ಬೇಡ ಎಂದೆ. ತಪ್ಪು ನನ್ನದು. ಕೇಳಿಸಿಕೊಳ್ಳದವಳಿಗೆ, ನೀವು ಕೇಳಿ ಎನ್ನುವ ಹಕ್ಕಿಲ್ಲ ಎಂದೆ. ಭಾಷಣದ ಹಾಗೆ ಬಂತು, ಆದರೆ ಪುಸ್ತಿಕೆಯ ಸಾಲಲ್ಲ, ನನ್ನದೇ.

ಅಂಟಣ್ಣ ರೇಡಿಯೊ ಸಣ್ಣಗೆ ಮಾಡಿದ.

“ಕೂತ್ಕೋ, ಕರಪತ್ರ. ವಿಷ ತಿಂದವನು ನಾನೊಬ್ಬ. ಮಾತಾಡೋ ಸರದಿ ನಂದು.” ಬ್ರಷ್ ತೊಳೆದು ಒರೆಸಿಟ್ಟ. “ಒಂದು ಚಮಚಕ್ಕೆ ತೀರ್ಪು ಕೊಡೋಕಾಗಲ್ಲ. ಅದೂ ಅರ್ಧ ಹೊರಗೆ ಬಂದಿದ್ದಕ್ಕೆ. ಕೇಸು ಮುಂದೂಡಿದೆ. ಇನ್ನೊಂದು ಸಲ ಮಾಡು.”

“ಅವತ್ತು ‘ಆದ್ರೆ’ ಅಂದ್ಯಲ್ಲ ಅಂಟಣ್ಣ, ಏನು ಹೇಳೋಕ್ ಹೊರಟಿದ್ದೆ?”

“ಮರೆತೋಯ್ತು. ಹೊಟ್ಟೆ ತೊಳೆಸಿದಾಗ ಅದೂ ಹೋಯ್ತು.” ಸುಳ್ಳು. ಮೀಸೆ ಅಡಿಯಲ್ಲಿ ನಗು ಇತ್ತು. “ಆದ್ರೆ ಒಂದು ಷರತ್ತು. ಒಲೆ ಮುಂದೆ ನಾನಿರ್ತೀನಿ. ನೀನು ಓದೋದೆಲ್ಲ ದೊಡ್ಡ ದೊಡ್ಡ ಮಾತು. ಎಷ್ಟು ಚಮಚ, ಎಷ್ಟು ನೀರು ಅನ್ನೋದು ಬಂದ್ರೆ ಹಾರಿಸಿ ಮುಂದಕ್ಕೆ ಹೋಗ್ತೀಯ.”

ಒಪ್ಪಿದೆ. ಮತ್ತೆ ಕೂಡಲೇ ಒಪ್ಪಿದೆ. ಕಾಳು ನೆನೆಸುವುದು ಯಾವಾಗ? ನಾಳೆಯೇ ಶನಿವಾರ, ಹೊತ್ತು ಸಾಲದು. ಮುಂದಿನ ಶನಿವಾರ. ಒಂದು ವಾರ ಹೇಗೆ ಕಳೆಯಲಿ.

ಮಾರ್ಚ್ 30, ಶನಿವಾರ, ಮಧ್ಯಾಹ್ನ

ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡೇ ಬರೆಯುತ್ತಿದ್ದೇನೆ. ಆಮೇಲೆ ಬರೆಯೋಣ ಎಂದರೆ ಇದು ನಿಲ್ಲುವುದಿಲ್ಲ.

ಅಂಟಣ್ಣ ಅರ್ಧ ಗಂಟೆ ಮೊದಲೇ ಬಂದ. ಅಂಗಿಯ ಜೇಬಿನಿಂದ ಕಾರ್ನ್ ಫ್ಲೋರ್ ಪೊಟ್ಟಣ ತೆಗೆದು, ನಾಲ್ಕೂ ಅಂಚು ತೋರಿಸಿ, “ಸೀಲ್ ಇದೆ ನೋಡ್ಕೋ” ಅಂದ. ಚಿಕ್ಕಮ್ಮನ ಕೈಯಲ್ಲಿ ಒಂದು ಚಿಟಿಕೆ ನೀರಿಗೆ ಹಾಕಿಸಿ ಬಣ್ಣ ಪರೀಕ್ಷೆ ಮಾಡಿಸಿದ. ಬಿಳಿ. ಮೂವರೂ ಬಗ್ಗಿ ನೋಡಿದೆವು. ಅಪ್ಪ ಬಂದು ನಾಲ್ಕನೆಯವನಾಗಿ ಬಗ್ಗಿದ.

ಆಮೇಲೆ ಅಂಟಣ್ಣ ಕೈ ಚಾಚಿದ. “ಎಲ್ಲಿ, ಆ ಪುಸ್ತಕ ಕೊಡು.”

ಕೊಟ್ಟೆ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಬಾಗಿಲಿಗೆ ಒರಗಿ ನಿಂತು ಓದತೊಡಗಿದ. ಜೋರಾಗಿ. “ಎಣ್ಣೆ... ನಾಲ್ಕು ಚಮಚ. ಹಾಕ್ದೆಯಾ?” ಹಾಕಿದೆ. “ಕಾಳಿನ ಪೇಸ್ಟು, ಎರಡು. ಗುಡ್ಡೆ ಅಲ್ಲ, ಸಮ. ಸಮ ಮಾಡು.” ಸಮ ಮಾಡಿದೆ. ನನ್ನ ಕೆಲಸ ಕೈಯದು ಮಾತ್ರ. ಅವನದು ಬಾಯಿ. ಕೇಳಿಸಿಕೊಂಡು ಮಾಡುವುದರಲ್ಲಿ ಇಷ್ಟು ಸುಖವಿದೆ ಎಂದು ಯಾರೂ ಹೇಳಿರಲಿಲ್ಲ. ಎಣ್ಣೆ ಕೆಂಪಾಯಿತು. ಅಣಬೆ ಬಿತ್ತು. ಚಿಕ್ಕಮ್ಮ ಕಿಟಕಿ ತೆಗೆದಳು. ಕೆಮ್ಮು, ಸೀನು, ನಗು.

ಅಣಬೆಯ ನೀರು ಬತ್ತಲು ಹೊತ್ತು ಹಿಡಿಯುತ್ತದೆ. ಸುಮ್ಮನೆ ನಿಂತು ಅಭ್ಯಾಸವಿಲ್ಲ ಅವನಿಗೆ. ಹಾಳೆ ತಿರುವಿದ. ಮುಂದಿನ ಪುಟ ಅಡುಗೆಯದಲ್ಲ. ಕಾಳಿನ ಲೆಕ್ಕದ ಪುಟ. ತನಗೇ ಗೊತ್ತಿಲ್ಲದೆ ಓದುತ್ತ ಹೋದ.

“ಒಂದು ಪ್ರಾಣಿಯನ್ನು... ಕೊಬ್ಬಿಸಲು... ಸುರಿಯುವ...” ನಿಂತ. “ಸುಳ್ಳು. ಇಷ್ಟೊಂದು ಕಾಳು ಎಲ್ಲಿ ತಿನ್ನತ್ತೆ?” ಅಪ್ಪ, “ಮುಂದೆ ಓದು, ಲೆಕ್ಕ ಕೊಟ್ಟಿರ್ಬಹುದು” ಅಂದ. “ಕೊಟ್ಟಿದಾನೆ ಕೊಟ್ಟಿದಾನೆ, ತಪ್ಪು ಲೆಕ್ಕ” ಎನ್ನುತ್ತ ಅಂಟಣ್ಣ ಮುಂದಿನ ಪ್ಯಾರಾಕ್ಕೆ ಹೋದ. ಚಿಕ್ಕಮ್ಮ ಸ್ಟೂಲು ಎಳೆದುಕೊಂಡು ಕೂತಳು. ನಾನು ತುಟಿ ಕಚ್ಚಿ ಹಿಡಿದಿದ್ದೇನೆ. ಬಾಯಿ ಬಿಟ್ಟರೆ ಕೆಡುತ್ತದೆ.

ಎರಡನೆಯ ಪುಟಕ್ಕೂ ಹೋದ. ಬೈಯುತ್ತಾನೆ, ಓದುತ್ತಾನೆ, ಬೈಯುತ್ತಾನೆ. ಈಗ ಅವನಿಗೂ ಅಪ್ಪನಿಗೂ ಜೋರು ವಾದ. ಅಣಬೆ ಕಂದಾಯಿತು, ಟೋಫು ಇಳಿಸಬೇಕು, ಅವನು ತಲೆಯೆತ್ತುತ್ತಿಲ್ಲ. ನಾನು ಕರೆಯಬೇಕೋ, ಆ ಪ್ಯಾರಾ ಮುಗಿಯುವವರೆಗೆ ಉರಿ ಸಣ್ಣಗೆ ಮಾಡಿ ಕಾಯಬೇಕೋ? ಪೆನ್ನು ಇಟ್ಟು ಉರಿ ಸಣ್ಣಗೆ ಮಾಡುತ್ತೇನೆ.